ಟೆನ್ಶನ್ ಆದಾಗ ಹೆಚ್ಚು ತಿನ್ನುವುದೇಕೆ? ಹೊಟ್ಟೆಯ ಹಾರ್ಮೋನ್‌ಗೂ ಮನಸ್ಸಿಗೂ ಇರುವ ನಂಟು

ರಾತ್ರಿ ಊಟ ಮುಗಿದು ಎರಡು ಗಂಟೆಯಾಗಿದೆ. ಮ್ಯಾನೇಜರ್ ಕಳಿಸಿದ ಒಂದು ಮೇಲ್ ಅಥವಾ ಊರಿನಿಂದ ಬಂದ ಒಂದು ಫೋನ್ ಕರೆ ಮನಸ್ಸು ಕೆಡಿಸಿದೆ. ಹೊಟ್ಟೆ ತುಂಬಿದೆ ಎಂದು ಗೊತ್ತಿದ್ದರೂ ಕೈ ಚಕ್ಕುಲಿ ಡಬ್ಬಿಯತ್ತ ಹೋಗುತ್ತದೆ. ಹತ್ತೇ ನಿಮಿಷದಲ್ಲಿ ಡಬ್ಬಿ ಅರ್ಧ ಖಾಲಿ. ಆಮೇಲೆ 'ನನಗೆ ಬಾಯಿ ಕಟ್ಟೋಕೇ ಬರಲ್ಲ' ಎಂಬ ಪಶ್ಚಾತ್ತಾಪ.

ಇದನ್ನು ಬಾಯಿಚಪಲ ಎಂದು ತಳ್ಳಿಹಾಕುವುದು ಸುಲಭ. ಆದರೆ ಕಳೆದ ಎರಡೂವರೆ ದಶಕಗಳ ಸಂಶೋಧನೆ ಬೇರೆಯದೇ ಚಿತ್ರ ಕೊಡುತ್ತಿದೆ. ಒತ್ತಡದ ಹೊತ್ತಿನಲ್ಲಿ ಹಸಿವು ಏರಿಸುವ ಹಾರ್ಮೋನೇ, ಮನಸ್ಸು ತೀರಾ ಕುಸಿಯದಂತೆ ತಡೆಯುವ ಕೆಲಸವನ್ನೂ ಮಾಡುತ್ತಿರಬಹುದು ಎಂಬುದು ಅದರ ಸಾರ. ಆ ಹಾರ್ಮೋನ್‌ನ ಹೆಸರು ಗ್ರೆಲಿನ್. ತೂಕ ಇಳಿಸುವ ಇಂಜೆಕ್ಷನ್‌ಗಳು ಭಾರತದ ಮೆಡಿಕಲ್ ಶಾಪ್‌ಗಳಿಗೆ ಬಂದಿರುವ ಈ ಹೊತ್ತಿನಲ್ಲಿ, ಹಸಿವನ್ನು ಅದುಮಿದರೆ ಮನಸ್ಸಿಗೆ ಏನಾಗುತ್ತದೆ ಎಂಬ ಪ್ರಶ್ನೆ ಪ್ರಯೋಗಾಲಯದೊಳಗೆ ಮಾತ್ರ ಉಳಿದಿಲ್ಲ.

ಮೊದಲ ಹಾರ್ಮೋನ್ ಸಿಕ್ಕಿದ್ದೇ ಕರುಳಿನಲ್ಲಿ

ಹಾರ್ಮೋನ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಥೈರಾಯ್ಡ್ ಅಥವಾ ಇನ್ಸುಲಿನ್. ವಾಸ್ತವದಲ್ಲಿ 'ಹಾರ್ಮೋನ್' ಎಂಬ ಪದ ಬಳಕೆಗೆ ಬಂದಿದ್ದೇ ಕರುಳಿನಿಂದಾಗಿ. 1902ರಲ್ಲಿ ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಸಣ್ಣ ಕರುಳಿನ ಒಳಪದರದಿಂದ 'ಸೆಕ್ರೆಟಿನ್' ಎಂಬ ವಸ್ತುವನ್ನು ಗುರುತಿಸಿದರು. ಅದು ರಕ್ತದ ಮೂಲಕ ಸಾಗಿ ಮೇದೋಜೀರಕ ಗ್ರಂಥಿಗೆ ಸಂದೇಶ ಮುಟ್ಟಿಸುತ್ತಿತ್ತು. ದೇಹದ ಒಳಗಿನ ಸಂದೇಶಗಳೆಲ್ಲ ನರಗಳ ಮೂಲಕವೇ ಹೋಗುತ್ತವೆ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು. 1905ರಲ್ಲಿ ಸ್ಟಾರ್ಲಿಂಗ್ ಇಂಥ ವಸ್ತುಗಳಿಗೆ ಹಾರ್ಮೋನ್ ಎಂಬ ಹೆಸರು ಬಳಸಿದರು.

ಇಂದು ಜಠರ ಮತ್ತು ಕರುಳಿನಲ್ಲಿ 20ಕ್ಕೂ ಹೆಚ್ಚು ಹಾರ್ಮೋನ್‌ಗಳನ್ನು ಗುರುತಿಸಲಾಗಿದೆ. ಹಸಿವಿಗೆ ಸಂಬಂಧಿಸಿದವುಗಳಲ್ಲಿ ಬಹುಪಾಲಿನವುಗಳ ಕೆಲಸ 'ಇನ್ನು ಸಾಕು' ಎಂದು ಹೇಳುವುದು. ಕೊಬ್ಬು ಮತ್ತು ಪ್ರೋಟೀನ್ ಸಣ್ಣ ಕರುಳಿಗೆ ಬಂದಾಗ ಸಿಸಿಕೆ ಬಿಡುಗಡೆಯಾಗುತ್ತದೆ. ಕರುಳಿನಲ್ಲಿ ಇನ್ನಷ್ಟು ಕೆಳಗೆ ಪಿವೈವೈ ಮತ್ತು ಜಿಎಲ್‌ಪಿ-1 ಹೊರಬರುತ್ತವೆ. ಇವು ಕೆಲವೊಮ್ಮೆ ರಕ್ತದ ಮೂಲಕ, ಕೆಲವೊಮ್ಮೆ ಹೊಟ್ಟೆಯಿಂದ ಮಿದುಳಿಗೆ ಹೋಗುವ ವೇಗಸ್ ನರದ ಮೂಲಕ ಸುದ್ದಿ ಮುಟ್ಟಿಸುತ್ತವೆ. 'ತಿನ್ನು' ಎಂದು ಹೇಳುವ ಹಾರ್ಮೋನ್‌ಗಳಲ್ಲಿ ಎದ್ದು ಕಾಣುವುದು ಗ್ರೆಲಿನ್ ಒಂದೇ.

ಗ್ರೆಲಿನ್ ಪತ್ತೆಯಾದ ಕಥೆ

1999ರಲ್ಲಿ ಜಪಾನಿನ ಮಸಯಾಸು ಕೊಜಿಮಾ, ಕೆಂಜಿ ಕಂಗಾವಾ ಮತ್ತು ಸಂಗಡಿಗರು ಗ್ರೆಲಿನ್ ಬಗ್ಗೆ ನೇಚರ್ ಪತ್ರಿಕೆಯಲ್ಲಿ ವರದಿ ಮಾಡಿದರು. ಅವರು ಹುಡುಕುತ್ತಿದ್ದುದು ಹಸಿವಿನ ಹಾರ್ಮೋನನ್ನಲ್ಲ. ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನ್ ಹೊರಡಿಸುವ ಒಂದು ಗ್ರಾಹಕ 1996ರಲ್ಲೇ ಪತ್ತೆಯಾಗಿತ್ತು. ಬೀಗ ಸಿಕ್ಕಿತ್ತು, ಕೀಲಿ ಸಿಕ್ಕಿರಲಿಲ್ಲ. ಮಿದುಳಿನಲ್ಲಿರಬೇಕು ಎಂದುಕೊಂಡಿದ್ದ ಕೀಲಿ ಕೊನೆಗೆ ಸಿಕ್ಕಿದ್ದು ಇಲಿಯ ಜಠರದಲ್ಲಿ. 28 ಅಮೈನೋ ಆಮ್ಲಗಳ ಈ ಪುಟ್ಟ ಸರಪಳಿಗೆ ಒಂದು ಕೊಬ್ಬಿನಾಮ್ಲ ಅಂಟಿಕೊಂಡರೆ ಮಾತ್ರ ಅದು ಆ ಗ್ರಾಹಕವನ್ನು ಚುರುಕುಗೊಳಿಸುತ್ತದೆ.

ಹಸಿವಿನ ಜೊತೆಗಿನ ನಂಟು ಸ್ಪಷ್ಟವಾಗಿದ್ದು ಆಮೇಲೆ. 2001ರಲ್ಲಿ ಅಮೆರಿಕದ ಡೇವಿಡ್ ಕಮಿಂಗ್ಸ್ ತಂಡ ದಿನವಿಡೀ ರಕ್ತ ಪರೀಕ್ಷಿಸಿ, ಊಟಕ್ಕೆ ಮುಂಚೆ ಗ್ರೆಲಿನ್ ಏರುವುದನ್ನೂ ಊಟವಾದ ಮೇಲೆ ಇಳಿಯುವುದನ್ನೂ ತೋರಿಸಿತು. ಪ್ರತಿದಿನ ಉಣ್ಣುವ ಹೊತ್ತಿಗೆ ಸರಿಯಾಗಿ ಹೊಟ್ಟೆ ಚುರುಗುಟ್ಟುವುದಕ್ಕೆ ಇದೂ ಒಂದು ಕಾರಣ. ಗ್ರೆಲಿನ್ ನಾವು ರೂಢಿಸಿಕೊಂಡ ವೇಳಾಪಟ್ಟಿಯನ್ನು ಕಲಿಯುತ್ತದೆ.

ಇನ್ನೊಂದು ಕುತೂಹಲದ ಸಂಗತಿ ಇದೆ. ಆರೋಗ್ಯವಂತರನ್ನು 33 ಗಂಟೆ ಉಪವಾಸ ಇಟ್ಟು ನೋಡಿದ 2005ರ ಅಧ್ಯಯನವೊಂದರಲ್ಲಿ, ಅವರು ಏನೂ ತಿನ್ನದಿದ್ದರೂ ಊಟದ ಹೊತ್ತಿಗೆ ಗ್ರೆಲಿನ್ ಏರಿತು, ಸ್ವಲ್ಪ ಹೊತ್ತಿನ ಬಳಿಕ ತಾನಾಗಿ ಇಳಿಯಿತು. ಏಕಾದಶಿ ಉಪವಾಸ ಮಾಡುವವರಿಗೆ ಈ ಅನುಭವ ಹೊಸದೇನಲ್ಲ. ಮಧ್ಯಾಹ್ನ ಒಂದು ಗಂಟೆಗೆ ಕಾಡಿದ ಹಸಿವು ಮೂರಕ್ಕೆ ಅಷ್ಟಾಗಿ ಇರುವುದಿಲ್ಲ.

ಡಲ್ಲಾಸ್‌ನ ಇಲಿಗಳು ಹೇಳಿದ್ದೇನು?

ಮನಸ್ಸಿನ ಮಾತು ಬಂದಿದ್ದು 2008ರಲ್ಲಿ. ಅಮೆರಿಕದ ಡಲ್ಲಾಸ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಸೌತ್‌ವೆಸ್ಟರ್ನ್ ವೈದ್ಯಕೀಯ ಕೇಂದ್ರದಲ್ಲಿ ಮೈಕೆಲ್ ಲಟರ್, ಜೆಫ್ರಿ ಜಿಗ್‌ಮನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮುಂದಿನ ಚರ್ಚೆಯೆಲ್ಲ ಇದರ ಸುತ್ತಲೇ ಬೆಳೆದಿದೆ.

ಮೊದಲು ಇಲಿಗಳಿಗೆ ಹತ್ತು ದಿನ ಆಹಾರ ಕಡಿಮೆ ಮಾಡಲಾಯಿತು. ನಿರೀಕ್ಷೆಯಂತೆ ಗ್ರೆಲಿನ್ ಏರಿತು. ನಂತರ ಅವುಗಳನ್ನು ಎರಡು ಪರೀಕ್ಷೆಗೆ ಒಡ್ಡಲಾಯಿತು. ಒಂದು, ನೆಲದಿಂದ ಎತ್ತರದಲ್ಲಿರುವ ಜಟಿಲ ಹಾದಿ. ಅಂಜಿದ ಇಲಿ ಗೋಡೆಯಿರುವ ಓಣಿಯಲ್ಲೇ ಉಳಿಯುತ್ತದೆ, ಧೈರ್ಯವಿರುವ ಇಲಿ ತೆರೆದ ಭಾಗಕ್ಕೂ ಹೋಗುತ್ತದೆ. ಇನ್ನೊಂದು, ಹೊರಬರಲಾಗದ ನೀರಿನ ಪಾತ್ರೆ. ಎಷ್ಟು ಹೊತ್ತು ಈಜಿ ಪ್ರಯತ್ನಿಸುತ್ತದೆ, ಯಾವಾಗ ಕೈಚೆಲ್ಲಿ ಸುಮ್ಮನೆ ತೇಲುತ್ತದೆ ಎಂದು ನೋಡಲಾಗುತ್ತದೆ. ಹಸಿದ ಇಲಿಗಳು ಎರಡರಲ್ಲೂ ಕಡಿಮೆ ಅಂಜಿದವು, ಹೆಚ್ಚು ಹೊತ್ತು ಪ್ರಯತ್ನಿಸಿದವು. ಹೊಟ್ಟೆ ತುಂಬಿದ ಇಲಿಗಳಿಗೆ ಗ್ರೆಲಿನ್ ಚುಚ್ಚಿದಾಗಲೂ ಇದೇ ಫಲಿತಾಂಶ ಬಂತು. ಆದರೆ ಗ್ರೆಲಿನ್ ಗ್ರಾಹಕವೇ ಇಲ್ಲದಂತೆ ವಂಶವಾಹಿ ಬದಲಿಸಿದ್ದ ಇಲಿಗಳಿಗೆ ಹಸಿವಿನಿಂದ ಈ ಲಾಭ ಸಿಗಲಿಲ್ಲ.

ಎರಡನೇ ಹಂತ ಒತ್ತಡದ್ದು. ಸಣ್ಣ ಇಲಿಯನ್ನು ದಿನಕ್ಕೊಂದು ಬಾರಿ, ಹತ್ತು ದಿನ, ತನಗಿಂತ ದೊಡ್ಡದಾದ ಜಗಳಗಂಟಿ ಇಲಿಯ ಪಂಜರಕ್ಕೆ ಬಿಡಲಾಯಿತು. ದಿನವೂ ಸೋಲು. ಹೊಸ ಆಫೀಸಿನಲ್ಲಿ ದಿನಾ ಬೈಸಿಕೊಳ್ಳುವವರ ಪಾಡು ನೆನಪಾದರೆ ಆಶ್ಚರ್ಯವಿಲ್ಲ. ಇಂಥ ಇಲಿಗಳು ಬೇರೆ ಇಲಿಗಳ ಸಹವಾಸದಿಂದಲೇ ದೂರ ಸರಿಯುತ್ತವೆ. ಇದನ್ನು ಖಿನ್ನತೆಯ ಒಂದು ಮಾದರಿ ಎಂದು ಪರಿಗಣಿಸಲಾಗುತ್ತದೆ. ಸೋಲುಂಡ ಇಲಿಗಳಲ್ಲಿ ಗ್ರೆಲಿನ್ ಏರಿತು. ಸೋಲಿನ ದಿನಗಳು ಮುಗಿದ ಮೇಲೂ ಅದು ಬೇಗ ಇಳಿಯಲಿಲ್ಲ. ಅವು ಹೆಚ್ಚು ತಿನ್ನತೊಡಗಿದವು.

ಇಲ್ಲಿಯೇ ಮುಖ್ಯ ತಿರುವು. ಗ್ರೆಲಿನ್ ಗ್ರಾಹಕ ಇಲ್ಲದ ಇಲಿಗಳು ಅದೇ ಒತ್ತಡದಲ್ಲಿ ಹೆಚ್ಚು ತಿನ್ನಲಿಲ್ಲ. ತೂಕದ ಲೆಕ್ಕದಲ್ಲಿ ಅದು ಒಳ್ಳೆಯ ಸುದ್ದಿಯಂತೆ ಕಾಣುತ್ತದೆ. ಆದರೆ ಅವು ಮಾಮೂಲಿ ಇಲಿಗಳಿಗಿಂತ ಇನ್ನಷ್ಟು ಮುದುಡಿದವು, ಬೇರೆ ಇಲಿಗಳಿಂದ ಇನ್ನಷ್ಟು ದೂರ ಸರಿದವು. ಹಸಿವಿನ ಕಾಟ ತಪ್ಪಿತು, ಜೊತೆಗೆ ಮನಸ್ಸಿನ ಆಸರೆಯೂ ತಪ್ಪಿತು.

2011ರಲ್ಲಿ ಜಿಗ್‌ಮನ್ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒತ್ತಡಕ್ಕೆ ಸಿಕ್ಕ ಇಲಿಗಳು ಕೊಬ್ಬಿನ ತಿಂಡಿ ಸಿಗುತ್ತಿದ್ದ ಕೋಣೆಗೇ ಮತ್ತೆ ಮತ್ತೆ ಹೋಗುತ್ತಿದ್ದವು. ಗ್ರಾಹಕ ಇಲ್ಲದ ಇಲಿಗಳಲ್ಲಿ ಈ ಸೆಳೆತ ಕಾಣಲಿಲ್ಲ. ಸಪ್ಪೆ ಅನ್ನ ಬೇಡ, ಕರಿದ ತಿಂಡಿಯೇ ಬೇಕು ಎನ್ನಿಸುವ ಹಂಬಲದ ಹಿಂದೆಯೂ ಇಂಥದೇ ಸೆಳೆತ ಇರಬಹುದೇ ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಡೋಪಮೈನ್‌ನಂಥ ರಾಸಾಯನಿಕಗಳನ್ನು ಬಳಸುವ ಮಿದುಳಿನ ನರಕೋಶಗಳಲ್ಲಿ ಗ್ರೆಲಿನ್ ಕೆಲಸ ಮಾಡಿದರೆ ಸಾಕು, ಈ ಸೆಳೆತ ಹುಟ್ಟುತ್ತದೆ ಎಂದು ಆ ಪ್ರಯೋಗ ತೋರಿಸಿತು.

ಎಲ್ಲರೂ ಒಪ್ಪಿದ ಮಾತಲ್ಲ

ಗ್ರೆಲಿನ್ ಮನಸ್ಸಿನ ಮಿತ್ರ ಎಂದು ಇಷ್ಟಕ್ಕೇ ತೀರ್ಮಾನಿಸುವಂತಿಲ್ಲ. 2013ರಲ್ಲಿ ಅಮೆರಿಕದ ಎಂಐಟಿಯ ಕಿ ಗೂಸೆನ್ಸ್ ತಂಡ ಬಹುತೇಕ ತದ್ವಿರುದ್ಧ ಎನ್ನಬಹುದಾದ ಫಲಿತಾಂಶ ಪ್ರಕಟಿಸಿತು. ಅವರ ಪ್ರಯೋಗದಲ್ಲಿ ದೀರ್ಘಕಾಲ ಒತ್ತಡದಲ್ಲಿದ್ದ ಇಲಿಗಳ ಏರಿದ ಗ್ರೆಲಿನ್, ಭಯದ ನೆನಪುಗಳನ್ನು ಸಂಭಾಳಿಸುವ ಅಮಿಗ್ಡಲಾ ಭಾಗದಲ್ಲಿ ಕೆಲಸ ಮಾಡಿ ಭಯವನ್ನು ಇನ್ನಷ್ಟು ಗಟ್ಟಿಗೊಳಿಸಿತು. ಒತ್ತಡದ ದಿನಗಳಲ್ಲಿ ಗ್ರೆಲಿನ್ ಗ್ರಾಹಕವನ್ನು ತಡೆದಾಗ ಅಷ್ಟು ಭಯ ಬೆಳೆಯಲಿಲ್ಲ.

ಎರಡನ್ನೂ ಒಟ್ಟಿಗೆ ಓದಿದರೆ ಒಂದು ಸಾಧ್ಯತೆ ಕಾಣುತ್ತದೆ: ಕೆಲ ದಿನಗಳ ಕಷ್ಟದಲ್ಲಿ ನೆರವಾಗುವ ಹಾರ್ಮೋನ್, ತಿಂಗಳುಗಟ್ಟಲೆ ಏರಿಯೇ ಇದ್ದರೆ ಹೊರೆಯಾಗಬಹುದು. ಒತ್ತಡದ ಹಾರ್ಮೋನ್ ಎಂದೇ ಹೆಸರಾದ ಕಾರ್ಟಿಸಾಲ್ ವಿಷಯದಲ್ಲೂ ಹೀಗೆಯೇ ಆಗುತ್ತದೆ. ಆದರೆ ಗ್ರೆಲಿನ್ ಮಟ್ಟಿಗೆ ಇದು ಇನ್ನೂ ಊಹೆಯ ಹಂತದಲ್ಲಿದೆ. ಇಲಿ ನೀರಿನಲ್ಲಿ ಈಜುವುದನ್ನು ಬಿಟ್ಟರೆ ಅದನ್ನು ಖಿನ್ನತೆ ಎನ್ನಬಹುದೇ ಎಂಬ ತಕರಾರು ವಿಜ್ಞಾನಿಗಳ ನಡುವೆಯೇ ಇದೆ.

ಮನುಷ್ಯರ ಮಾತು ಇನ್ನೂ ಗೋಜಲು. ಅಪರಿಚಿತರ ಮುಂದೆ ಭಾಷಣ ಮಾಡಿಸಿ, ಬಾಯಲ್ಲೇ ಕಳೆಯುವ ಲೆಕ್ಕ ಮಾಡಿಸಿ ಒತ್ತಡ ಹುಟ್ಟಿಸುವ ಪರೀಕ್ಷೆಗಳಲ್ಲಿ ಕೆಲವು ಅಧ್ಯಯನಗಳು ಗ್ರೆಲಿನ್ ಏರಿದ್ದನ್ನು ಕಂಡಿವೆ, ಕೆಲವು ಕಂಡಿಲ್ಲ. ಎಲ್ಲರೂ ಒತ್ತಡದಲ್ಲಿ ಹೆಚ್ಚು ತಿನ್ನುವುದೂ ಇಲ್ಲ. ಪರೀಕ್ಷೆಯ ದಿನ ಬೆಳಗ್ಗೆ ಇಡ್ಲಿ ಗಂಟಲಲ್ಲಿ ಇಳಿಯದವರು ಪ್ರತಿ ಮನೆಯಲ್ಲೂ ಸಿಗುತ್ತಾರೆ. ತಕ್ಷಣದ ಆತಂಕದಲ್ಲಿ ಅಡ್ರಿನಲಿನ್ ಮತ್ತು ಮಿದುಳಿನ ಒತ್ತಡದ ಸಂದೇಶಗಳು ಹಸಿವನ್ನು ಅದುಮುತ್ತವೆ. ಹಸಿವು ಹೆಚ್ಚುವುದು ಸಾಮಾನ್ಯವಾಗಿ ಆಮೇಲೆ, ಕಾರ್ಟಿಸಾಲ್ ಏರಿ ಉಳಿದಾಗ. ಪರೀಕ್ಷೆ ಮುಗಿದ ಸಂಜೆ ಮನೆಯಲ್ಲಿ ಇದ್ದಬದ್ದ ತಿಂಡಿಯೆಲ್ಲ ಖಾಲಿಯಾಗುವುದು ಇದಕ್ಕೇ ಇರಬಹುದು.

ನಾಲಿಗೆಗೆ ತಾಗದ ಕೊಬ್ಬು, ಆದರೂ ತಗ್ಗಿದ ದುಃಖ

ಬೇಸರದಲ್ಲಿ ತಿಂದರೆ ಸಿಗುವ ಸಮಾಧಾನ ಕೇವಲ ರುಚಿಯದೇ? ಅಮ್ಮನ ಕೈತಿಂಡಿಯ ನೆನಪಿನದೇ? ಬೆಲ್ಜಿಯಂನ ಲೂವೆನ್‌ನಲ್ಲಿ ಲೂಕಾಸ್ ವಾನ್ ಔಡೆನ್‌ಹೋವ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. 12 ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಕೊಳವೆಯ ಮೂಲಕ ನೇರವಾಗಿ ಜಠರಕ್ಕೆ ಒಮ್ಮೆ ಕೊಬ್ಬಿನಾಮ್ಲ, ಒಮ್ಮೆ ಉಪ್ಪುನೀರು ಬಿಡಲಾಯಿತು. ಯಾವಾಗ ಯಾವುದು ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾಲಿಗೆಗೆ ರುಚಿ ಇಲ್ಲ, ಮೂಗಿಗೆ ವಾಸನೆ ಇಲ್ಲ, ಕಣ್ಣಿಗೆ ತಟ್ಟೆ ಕಾಣುವುದಿಲ್ಲ. ದುಃಖದ ಸಂಗೀತ ಕೇಳಿಸಿ, ದುಃಖದ ಮುಖಗಳ ಚಿತ್ರ ತೋರಿಸಿ, ಜೊತೆಗೆ ಮಿದುಳಿನ ಎಂಆರ್‌ಐ ಸ್ಕ್ಯಾನ್ ಮಾಡಲಾಯಿತು.

ಕೊಬ್ಬಿನಾಮ್ಲ ಹೋದಾಗ ಅವರು ಹೇಳಿಕೊಂಡ ದುಃಖದ ಪ್ರಮಾಣ ಕಡಿಮೆ ಇತ್ತು. ಸ್ಕ್ಯಾನ್‌ನಲ್ಲೂ ದುಃಖಕ್ಕೆ ಮಿದುಳು ತೋರುವ ಪ್ರತಿಕ್ರಿಯೆ ತಗ್ಗಿತ್ತು. 12 ಮಂದಿ ಎಂಬುದು ಸಣ್ಣ ಸಂಖ್ಯೆ, ನಿಜ. ಆದರೂ ಹೊಟ್ಟೆ ಮಿದುಳಿಗೆ ಕಳಿಸುವ ಸಂದೇಶವೇ ಭಾವನೆಯನ್ನು ಬದಲಿಸಬಲ್ಲದು ಎಂಬುದಕ್ಕೆ ಮನುಷ್ಯರಲ್ಲಿ ಸಿಕ್ಕ ನೇರವಾದ ಸಾಕ್ಷ್ಯಗಳಲ್ಲಿ ಇದೊಂದು. ಕನ್ನಡದಲ್ಲಿ ಹರಸುವಾಗ 'ನಿನ್ನ ಹೊಟ್ಟೆ ತಣ್ಣಗಿರಲಿ' ಎನ್ನುತ್ತಾರೆ, ಅಸೂಯೆಗೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಭಾಷೆಗೆ ಈ ನಂಟು ಮೊದಲೇ ಹೊಳೆದಿತ್ತೇನೋ.

ಇದರ ತಿರುಗುಮುರುಗಾದ ಪ್ರಯೋಗವೂ ಇದೆ. ಅದೇ 2011ರಲ್ಲಿ ಯೇಲ್ ವಿಶ್ವವಿದ್ಯಾಲಯದ ಅಲಿಯಾ ಕ್ರಂ ಮತ್ತು ಸಂಗಡಿಗರು 46 ಮಂದಿಗೆ 380 ಕ್ಯಾಲರಿಯ ಒಂದೇ ಬಗೆಯ ಮಿಲ್ಕ್‌ಶೇಕ್ ಕೊಟ್ಟರು. ಒಂದು ದಿನ ಅದರ ಲೇಬಲ್‌ನಲ್ಲಿ 620 ಕ್ಯಾಲರಿಯ ಭರ್ಜರಿ ಪಾನೀಯ ಎಂದಿತ್ತು, ಇನ್ನೊಂದು ದಿನ 140 ಕ್ಯಾಲರಿಯ ಮಿತಾಹಾರ ಎಂದಿತ್ತು. ಭರ್ಜರಿ ಎಂದುಕೊಂಡು ಕುಡಿದ ದಿನ ಗ್ರೆಲಿನ್ ಜೋರಾಗಿ ಇಳಿಯಿತು. ಡಯಟ್ ಎಂದುಕೊಂಡು ಕುಡಿದ ದಿನ ಅಷ್ಟು ಇಳಿಯಲಿಲ್ಲ. ಅಂದರೆ ಹೊಟ್ಟೆಯ ಮಾತನ್ನು ಮನಸ್ಸು ಕೇಳುವಂತೆ, ಮನಸ್ಸಿನ ಮಾತನ್ನು ಹೊಟ್ಟೆಯೂ ಕೇಳುತ್ತದೆ.

ನೈಟ್ ಶಿಫ್ಟ್‌ನವರು ಗಮನಿಸಬೇಕಾದ ಅಂಶ

ಹೈದರಾಬಾದ್, ಪುಣೆ, ಚೆನ್ನೈಗಳಲ್ಲಿ ಅಮೆರಿಕದ ಗಡಿಯಾರಕ್ಕೆ ಹೊಂದಿಕೊಂಡು ದುಡಿಯುವವರಿಗೆ ಒತ್ತಡದ ಜೊತೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಅದು ನಿದ್ದೆ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಕ್ಯಾರಿನ್ ಸ್ಪೀಗಲ್ ಮತ್ತು ಈವ್ ವಾನ್ ಕಾಟರ್ ತಂಡ 12 ಮಂದಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ತಲಾ ನಾಲ್ಕು ಗಂಟೆ, ಮತ್ತೆರಡು ರಾತ್ರಿ ತಲಾ ಹತ್ತು ಗಂಟೆ ಮಲಗಲು ಬಿಟ್ಟು ಹೋಲಿಸಿತು. 2004ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನಿದ್ದೆ ಕಡಿಮೆಯಾದಾಗ ಗ್ರೆಲಿನ್ ಶೇ 28ರಷ್ಟು ಏರಿತು. ಕೊಬ್ಬಿನ ಕೋಶಗಳಿಂದ ಬಂದು 'ದಾಸ್ತಾನು ಸಾಕಷ್ಟಿದೆ' ಎನ್ನುವ ಲೆಪ್ಟಿನ್ ಶೇ 18ರಷ್ಟು ಇಳಿಯಿತು. ಹಸಿವು ಶೇ 24ರಷ್ಟು ಹೆಚ್ಚಿತು. ಆಸೆ ಹೆಚ್ಚು ಓಡಿದ್ದು ಸಿಹಿ, ಉಪ್ಪಿನ ಕುರುಕಲು ಮತ್ತು ಪಿಷ್ಟದ ತಿಂಡಿಗಳತ್ತ. ಇದೆಲ್ಲ ಆಗಿದ್ದು ಬರೀ ಎರಡು ರಾತ್ರಿಯಲ್ಲಿ.

ಹಾಗಾದರೆ ಹಸಿವನ್ನೇ ತಡೆದುಬಿಟ್ಟರೆ?

ಗ್ರೆಲಿನ್ ಪತ್ತೆಯಾದಾಗ ಔಷಧ ಕಂಪನಿಗಳಿಗೆ ಮೊದಲು ಹೊಳೆದಿದ್ದು ಇದೇ. ಗ್ರೆಲಿನ್ ವಿರುದ್ಧ ಲಸಿಕೆ ಮಾಡುವ ಪ್ರಯತ್ನವೂ ನಡೆಯಿತು. ಮನುಷ್ಯರಲ್ಲಿ ಅದು ತೂಕ ಇಳಿಸಲಿಲ್ಲ. ಹುಟ್ಟಿನಿಂದಲೇ ಗ್ರೆಲಿನ್ ಇಲ್ಲದ ಇಲಿಗಳೂ ಹೆಚ್ಚುಕಡಿಮೆ ಮಾಮೂಲಿಯಾಗಿಯೇ ತಿಂದು ಬೆಳೆಯುತ್ತವೆ ಎಂದು 2003ರಲ್ಲೇ ಗೊತ್ತಾಗಿತ್ತು. ಹಸಿವಿನಂಥ ಮುಖ್ಯ ಕೆಲಸವನ್ನು ದೇಹ ಒಂದೇ ಹಾರ್ಮೋನ್‌ನ ಕೈಗೆ ಕೊಟ್ಟಿಲ್ಲ. ಕೊನೆಗೆ ಗ್ರೆಲಿನ್ ದಾರಿ ಔಷಧವಾಗಿ ನೆರವಾಗಿದ್ದು ಹಸಿವು ತಡೆಯಲು ಅಲ್ಲ, ಹೆಚ್ಚಿಸಲು. ಕ್ಯಾನ್ಸರ್‌ನಿಂದ ಸೊರಗಿದವರಿಗಾಗಿ ಗ್ರೆಲಿನ್‌ನಂತೆ ಕೆಲಸ ಮಾಡುವ ಅನಮೊರೆಲಿನ್ ಮಾತ್ರೆಗೆ ಜಪಾನ್ 2021ರಲ್ಲಿ ಅನುಮತಿ ಕೊಟ್ಟಿತು.

ತಿನ್ನುವ ಆಸೆಯನ್ನು ಅದುಮಿ ಕೈಸುಟ್ಟುಕೊಂಡ ಉದಾಹರಣೆ ರಿಮೊನಾಬಂಟ್. ಇದು ಕರುಳಿನ ಹಾರ್ಮೋನ್‌ಗೆ ಸಂಬಂಧಿಸಿದ್ದಲ್ಲ, ಮಿದುಳಿನಲ್ಲಿ ಗಾಂಜಾದ ಅಂಶ ಕೆಲಸ ಮಾಡುವ ಗ್ರಾಹಕವನ್ನು ತಡೆಯುವ ಮಾತ್ರೆ. 2006ರಲ್ಲಿ ಯುರೋಪಿನಲ್ಲಿ ಅನುಮತಿ ಪಡೆಯಿತು. ತೂಕ ಇಳಿಯಿತು, ಆದರೆ ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆಯ ಅಪಾಯ ಕಂಡುಬಂದಿದ್ದರಿಂದ 2008ರಲ್ಲಿ ಮಾರಾಟ ನಿಲ್ಲಿಸಲಾಯಿತು. ಭಾರತ 2009ರಲ್ಲಿ ಅದನ್ನು ನಿಷೇಧಿಸಿತು.

ಈಗಿನ ಇಂಜೆಕ್ಷನ್‌ಗಳ ಕಥೆ ಬೇರೆ. ಕರುಳಿನಿಂದ ಹೊರಟ ಜಿಎಲ್‌ಪಿ-1 ರಕ್ತದಲ್ಲಿ ಒಂದೆರಡು ನಿಮಿಷದಲ್ಲೇ ಅರ್ಧ ಕರಗಿಹೋಗುತ್ತದೆ. ಅದನ್ನೇ ಹೋಲುವ, ಆದರೆ ವಾರಕ್ಕೊಂದು ಚುಚ್ಚಿದರೆ ಸಾಕಾಗುವ ಔಷಧಗಳಿವು. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತದ ಮಾರುಕಟ್ಟೆಗೆ ಬಂದವು. ತಲೆಯಲ್ಲಿ ಸದಾ ಗುಂಯ್‌ಗುಡುವ ಊಟತಿಂಡಿಯ ಯೋಚನೆ ನಿಂತುಹೋಯಿತು ಎಂದು ಬಳಸಿದವರಲ್ಲಿ ಹಲವರು ಹೇಳುತ್ತಾರೆ. ರಿಮೊನಾಬಂಟ್‌ನ ಅನುಭವ ಇದ್ದುದರಿಂದ ಇವುಗಳ ಮೇಲೂ ಕಣ್ಣಿಡಲಾಗಿದೆ. ಆತ್ಮಹತ್ಯೆಯ ಯೋಚನೆ ಬಂತೆಂಬ ದೂರುಗಳನ್ನು ಪರಿಶೀಲಿಸಿದ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ, ಔಷಧಕ್ಕೂ ಅದಕ್ಕೂ ಕಾರಣ-ಪರಿಣಾಮದ ಸಂಬಂಧಕ್ಕೆ ಸಾಕ್ಷ್ಯವಿಲ್ಲ ಎಂದು 2024ರ ಏಪ್ರಿಲ್‌ನಲ್ಲಿ ಹೇಳಿತು. ಇದು ಸಮಾಧಾನದ ಸಂಗತಿ. ಆದರೂ ಬೇಸರ ತೀರಿಸಿಕೊಳ್ಳಲು ತಿನ್ನುತ್ತಿದ್ದವರಿಗೆ ಆ ದಾರಿ ಮುಚ್ಚಿದಾಗ ಬೇಸರ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಔಷಧ ಬರೆಯುವ ವೈದ್ಯರು ಕೇಳಬೇಕಾಗುತ್ತದೆ. ಖಿನ್ನತೆಗೆ ಮೊದಲೇ ಚಿಕಿತ್ಸೆ ಪಡೆಯುತ್ತಿರುವವರು ಅದನ್ನು ಮುಚ್ಚಿಡದೆ ಹೇಳುವುದು ಲೇಸು.

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಒಂದು ಅರ್ಧಸತ್ಯ

'ಸಂತೋಷದ ಹಾರ್ಮೋನ್ ಸೆರೊಟೋನಿನ್ ಶೇ 90ರಷ್ಟು ತಯಾರಾಗುವುದು ಹೊಟ್ಟೆಯಲ್ಲಿ, ಆದ್ದರಿಂದ ಇದನ್ನು ತಿನ್ನಿ, ಖುಷಿಯಾಗಿರಿ' ಎಂಬ ಫಾರ್ವರ್ಡ್ ಹೆಚ್ಚುಕಡಿಮೆ ಎಲ್ಲರ ಫೋನಿಗೂ ಬಂದಿರುತ್ತದೆ. ಮೊದಲರ್ಧ ಸರಿ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ 90ರಷ್ಟು ಜೀರ್ಣಾಂಗದಲ್ಲೇ ಇದೆ. ಆದರೆ ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿರುವ ತಡೆಯನ್ನು ಅದು ದಾಟಲಾರದು. ಮಿದುಳು ತನಗೆ ಬೇಕಾದ ಸೆರೊಟೋನಿನ್ ತಾನೇ ಮಾಡಿಕೊಳ್ಳುತ್ತದೆ. ಕರುಳಿನ ಸೆರೊಟೋನಿನ್‌ನ ಮುಖ್ಯ ಕೆಲಸ ಕರುಳಿನ ಚಲನೆಯನ್ನು ನೋಡಿಕೊಳ್ಳುವುದು. ವೇಗಸ್ ನರದ ಮೂಲಕ ಅದರ ಪ್ರಭಾವ ಮಿದುಳಿಗೆ ಮುಟ್ಟಬಹುದು, ಆದರೆ ಒಂದು ಬಾಳೆಹಣ್ಣು ತಿಂದರೆ ಖಿನ್ನತೆ ಹೋಗುತ್ತದೆ ಎನ್ನುವಷ್ಟು ಸರಳ ಲೆಕ್ಕ ಅಲ್ಲ.

ದಿನನಿತ್ಯಕ್ಕೆ ಇದರಿಂದ ಏನು ಉಪಯೋಗ?

ಊಟ ಬಿಟ್ಟು ತೂಕ ಇಳಿಸುವವರು ಒತ್ತಡದ ವಾರಗಳಲ್ಲಿ ಹಾಗೆ ಮಾಡುವುದು ಕಷ್ಟವನ್ನು ಇಮ್ಮಡಿ ಮಾಡಿಕೊಂಡಂತೆ. ತೂಕ ಇಳಿದಂತೆ ಗ್ರೆಲಿನ್ ಏರುತ್ತದೆ ಎಂದು 2002ರಲ್ಲೇ ಕಮಿಂಗ್ಸ್ ತಂಡ ತೋರಿಸಿದೆ. ಅದರ ಮೇಲೆ ಒತ್ತಡ, ನಿದ್ದೆಗೇಡು ಸೇರಿದರೆ ರಾತ್ರಿಯ ಡಬ್ಬಿ ಖಾಲಿಯಾಗುವುದು ಅಚ್ಚರಿಯಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುವುದು ಮತ್ತು ಊಟದಲ್ಲಿ ಬೇಳೆ, ಕಾಳು, ಮೊಸರು, ಮೊಟ್ಟೆಯಂಥ ಪ್ರೋಟೀನ್ ಇರುವುದು ಉಪಯೋಗಕ್ಕೆ ಬರುತ್ತದೆ. ಪ್ರೋಟೀನ್ ತಿಂದಾಗ ಗ್ರೆಲಿನ್ ಹೆಚ್ಚು ಹೊತ್ತು ತಗ್ಗಿರುತ್ತದೆ. ಬರೀ ಪಿಷ್ಟ ಮತ್ತು ಸಿಹಿ ತಿಂದರೆ ಬೇಗ ಇಳಿದು ಬೇಗ ಮೇಲೇರುತ್ತದೆ. ಬೇಸರಕ್ಕೆ ತಿಂದ ಬಿಸ್ಕತ್ತು ಅರ್ಧ ಗಂಟೆ ಸಮಾಧಾನ ಕೊಟ್ಟು ಮತ್ತೆ ಹಸಿವು ತರುವುದು ಇದರಿಂದಲೇ.

ಯಾವಾಗಲೋ ಒಮ್ಮೆ ಚಕ್ಕುಲಿ ಡಬ್ಬಿ ಖಾಲಿ ಮಾಡುವುದು ಕಾಯಿಲೆಯಲ್ಲ. ಆದರೆ ಕೈಮೀರಿ ತಿನ್ನುವುದು ವಾರಕ್ಕೊಮ್ಮೆಯಾದರೂ ಆಗುತ್ತಾ ಮೂರು ತಿಂಗಳು ಮುಂದುವರಿದರೆ, ಹೊಟ್ಟೆ ನೋಯುವವರೆಗೆ ತಿಂದರೆ, ಯಾರಿಗೂ ಕಾಣದಂತೆ ತಿಂದು ಆಮೇಲೆ ಹೇಸಿಗೆಪಟ್ಟುಕೊಂಡರೆ ಅದಕ್ಕೆ ಬೇರೆ ಹೆಸರಿದೆ. ಬಿಂಜ್ ಈಟಿಂಗ್ ಡಿಸಾರ್ಡರ್ ಎಂಬ ಈ ಸಮಸ್ಯೆಗೆ 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಪ್ರತ್ಯೇಕ ಸ್ಥಾನ ಕೊಟ್ಟಿದೆ. ಇದಕ್ಕೆ ಚಿಕಿತ್ಸೆ ಇದೆ, ಅದು ಡಯಟ್ ಚಾರ್ಟ್‌ನಿಂದ ಶುರುವಾಗುವುದಿಲ್ಲ.

ಊರಿನಿಂದ ದೂರವಿದ್ದು, ಇಂಥದ್ದನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿಕೊಳ್ಳಲು ಹಿಂಜರಿಯುವವರು ಟೆಲಿ-ಮಾನಸ್ ಸಹಾಯವಾಣಿಗೆ ಕರೆ ಮಾಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಸಂಖ್ಯೆ 14416, ಶುಲ್ಕವಿಲ್ಲ, ದಿನದ 24 ಗಂಟೆಯೂ ಲಭ್ಯ. ಕರೆ ಮಾಡಿದಾಗ ಭಾಷೆ ಆರಿಸಿಕೊಳ್ಳುವ ಅವಕಾಶವಿದ್ದು, ಕನ್ನಡವೂ ಅದರಲ್ಲಿದೆ.